ದೇವರು ಓದ್ಕೋತಾನೆ

ನಗಬೇಡ! ನಗಬೇಡ ಕಣೇ ಮಲ್‌ಬುನ್, ಹೊಲಿಗೆ ಬಿಚ್ಚಿಕೊಂಡೀತು! ಆ ದಿಂಬು ತಗೊಂಡು ಹೊಟ್ಟೆಗೆ ಒತ್ಕೋ... ಹಾಂ, ಹಾಗೆ. ಆಪರೇಷನ್ ಆಗಿ ಇನ್ನೂ ನಾಲ್ಕು ದಿನ ಆಗಿಲ್ಲ, ಹೀಗೆ ನಗಿಸಿದೆ ಅಂತ ಗೊತ್ತಾದ್ರೆ ನಿನ್ನ ಸೊಸೆ ನನ್ನನ್ನ ಈ ವಾರ್ಡಿನ ಬಾಗಿಲಿಗೂ ಸೇರಿಸಲ್ಲ. ಊಟ ಮುಗಿಸಿ ಬರೋಕೆ ಎಷ್ಟು ಹೊತ್ತು ಬೇಕು ಅವಳಿಗೆ? ಅರ್ಧ ಗಂಟೆ? ಸಾಕು.

ಅಲ್ಲ, ನೀನು ನಗ್ತೀಯ. ನನ್ನ ಜಾಗದಲ್ಲಿ ನಿಂತಿದ್ರೆ ಗೊತ್ತಾಗ್ತಿತ್ತು! ಇವತ್ತು ಬೆಳಗಿನ ಐದು ಗಂಟೆ ಪ್ರಾರ್ಥನೆ. ಪಾಸ್ಟರ್ ಯೊಮ್ ಎಂದಿನ ಹಾಗೇ ಮೂರು ಸಲ "ಕರ್ತನೇ" ಅಂತ ಕೂಗಿಸಿದ್ರು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಶುರು ಮಾಡಿದ್ವಿ. ಗೊತ್ತಲ್ಲ ಆ ಗಲಾಟೆ, ಮೀನು ಹರಾಜಿನ ಕಟ್ಟೆನೂ ಅದರ ಮುಂದೆ ಏನೂ ಅಲ್ಲ. ಒಬ್ಬಳು ಅಳ್ತಾಳೆ, ಇನ್ನೊಬ್ಬಳು ಎದೆ ಬಡ್ಕೋತಾಳೆ, ಪಕ್ಕದವಳ ಮಾತು ಪಕ್ಕದವಳಿಗೆ ಕೇಳಲ್ಲ. ಆಮೇಲೆ ಪಾಸ್ಟರ್ ಮಣಿ ಬಾರಿಸ್ತಾರೆ, ಟಿಣ್ ಅಂತ, ಎಲ್ಲರೂ ಗಪ್ಚಿಪ್. ನನ್ನ ಕಿವಿ ಮೆಷಿನ್ನಿನ ಬ್ಯಾಟರಿ ಸತ್ತಿತ್ತು ಕಣೇ! ಮಣಿ ಕೇಳ್ಲೇ ಇಲ್ಲ. ಇಡೀ ಸಭೆ ಉಸಿರು ಬಿಗಿಹಿಡ್ಕೊಂಡು ಕೂತಿದೆ, ನಾನೊಬ್ಬಳು ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಗಂಟಲು ಹರಿಯೋ ಹಾಗೆ, "ಕೋಸು ನಲವತ್ತು! ಮೂಲಂಗಿ ಹದಿನೈದು! ಉಪ್ಪು ಸೀಗಡಿ ಹೋದ ಸಲಕ್ಕಿಂತ ಕಮ್ಮಿ! ಬೆಳ್ಳುಳ್ಳಿ ಸುಲಿಯೋರು ಯಾರು?"

ದಿಂಬು, ದಿಂಬು ಒತ್ಕೋ!

ಕಣ್ಣು ಬಿಟ್ಟು ನೋಡ್ತೀನಿ, ಎಲ್ಲರೂ ನನ್ನ ಕಡೆ ತಿರುಗಿ ಕೂತಿದ್ದಾರೆ. ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಸಿಕ್ಕಿಬಿದ್ದೆ, ಇವತ್ತಿಗೆ ಮುಗೀತು ನನ್ನ ಕಥೆ ಅಂದ್ಕೊಂಡೆ. ಪಾಸ್ಟರ್ ಏನಂದ್ರು ಗೊತ್ತಾ? "ಆಮೆನ್!" ಅಂದ್ರು. "ನೋಡಿ, ನಮ್ಮ ಡೊಕ್‌ಸಿಮ್ ಅಮ್ಮ ಸಭೆಯ ಕಿಮ್ಚಿ ಉಪ್ಪಿನಕಾಯಿಯನ್ನೂ ಕರ್ತನ ಕೈಗೇ ಒಪ್ಪಿಸ್ತಾರೆ, ಭಕ್ತಿ ಅಂದ್ರೆ ಇದು" ಅಂದ್ರು. ಮುಂದಿನ ಸಾಲಿನ ಮುದುಕಿಯರೆಲ್ಲ ಕಣ್ಣೊರೆಸಿಕೊಂಡ್ರು! ನನಗೆ ಮರ್ಯಾದೆ ಕಳ್ಕೊಳ್ಳೋ ಯೋಗವೂ ಇಲ್ಲ ನೋಡು.

ನಗು, ನಗು. ನೀನು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತು...

ಇಲ್ಲ, ಇವತ್ತೊಂದು ದಿನದ ಮಾತಲ್ಲ ಅದು. ಅದನ್ನ ಹೇಳೋಕೇ ಬಂದೆ. ಭಾನುವಾರ ನನಗೆ ಗಾಜಿನ ಫಲಕ ಕೊಡ್ತಾರಂತೆ, ಮೂವತ್ತು ವರ್ಷ ಒಂದು ಬೆಳಗೂ ತಪ್ಪಿಸಿಲ್ಲ ಅಂತ. ವೇದಿಕೆ ಮೇಲೆ ನಿಂತು ಸಾಕ್ಷಿ ಬೇರೆ ಹೇಳ್ಬೇಕಂತೆ, ದೇವರು ನನಗೆ ಏನೇನು ಮಾಡಿದ ಅಂತ. ಅದಕ್ಕೆ ಮೊದಲು ಒಬ್ಬರಿಗಾದ್ರೂ ನಿಜ ಹೇಳ್ಬೇಕು ಅನ್ನಿಸ್ತು. ಬೇರೆ ಯಾರಿದ್ದಾರೆ ನನಗೆ, ನೀನಲ್ಲದೆ? ಇಪ್ಪತ್ತಾರು ವರ್ಷ ಸಿಂಪಿ ಶೆಡ್ಡಿನಲ್ಲಿ ಒಂದೇ ಮೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ಚಿಪ್ಪು ಬಿಡಿಸಿದೀವಿ.

ನಾನು ಪ್ರಾರ್ಥನೆ ಮಾಡಲ್ಲ ಮಲ್‌ಬುನ್.

ಹತ್ತೊಂಬತ್ತು ವರ್ಷ ಆಯ್ತು. ಬಾಯಿ ಆಡಿಸ್ತೀನಿ, ಅಷ್ಟೇ. ಒಂದು ದಿನ ಕೋಸು ಮೂಲಂಗಿ. ಇನ್ನೊಂದು ದಿನ ಬಂದರಿನಿಂದ ನಮ್ಮನೆ ತನಕ ಬರೋ ಬಸ್ ಸ್ಟಾಪುಗಳ ಹೆಸರು, ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ಆ ಗದ್ದಲದಲ್ಲಿ ಯಾರಿಗೆ ಗೊತ್ತಾಗ್ಬೇಕು? ಕಣ್ಣಲ್ಲಿ ನೀರು ಬರಲ್ವಾ ಅಂತೀಯಾ? ಬರುತ್ತೆ, ಚೆನ್ನಾಗೇ ಬರುತ್ತೆ! ಪಕ್ಕದವಳು ಅತ್ತರೆ ನನಗೂ ಅಳು ಬರುತ್ತೆ. ಅದೊಂದರಲ್ಲಿ ಮೋಸ ಇಲ್ಲ.

ಯಾಕೆ ಅಂತ ಕಣ್ಣಲ್ಲೇ ಕೇಳ್ತೀಯ. ನಿನಗೆ ಗೊತ್ತಿರೋದೇ. ನಮ್ಮನೆಯವರು ಇದೇ ಆಸ್ಪತ್ರೆ ಮೂರನೇ ಮಹಡಿಯಲ್ಲಿ ಮಲಗಿದ್ದಾಗ ನಲವತ್ತು ದಿನದ ಪ್ರಾರ್ಥನೆಯ ಹರಕೆ ಹೊತ್ತಿದ್ದೆನಲ್ಲ. ಅವರು ಮೂವತ್ತೆಂಟನೇ ದಿನಕ್ಕೆ ಹೋದ್ರು. ಮಣ್ಣು ಮಾಡಿ ಬಂದ ಮೇಲೂ ಉಳಿದೆರಡು ದಿನ ಹೋದೆ, ಮಾತು ಕೊಟ್ಟಿದ್ದೆ ಅಂತ! ನಲವತ್ತನೇ ದಿನ ಎಲ್ಲರೂ ಎದ್ದು ಹೋದ ಮೇಲೆ ನಾನೊಬ್ಬಳೇ ಕೂತೆ. ಅವರನ್ನ ಯಾಕೆ ಕರ್ಕೊಂಡೆ ಅಂತ ಕೇಳ್ಲಿಲ್ಲ ಕಣೇ, ಅಷ್ಟು ದೊಡ್ಡ ಉತ್ತರ ನನಗೆ ಬೇಕಿರಲಿಲ್ಲ. ಒಂದೇ ಒಂದು ಸಲ "ಡೊಕ್‌ಸಿಮ್" ಅಂತ ನನ್ನ ಹೆಸರು ಹಿಡಿದು ಕರೆ, ಇದ್ದೀನಿ ಅನ್ನು, ಸಾಕು ಅಂದೆ. ಕಾದೆ. ಹೀಟರಿನ ಫ್ಯಾನು ಗುರ್ ಅಂತಿತ್ತು. ಅಷ್ಟೇ. ಕಾಲು ಜೋಮು ಹಿಡೀತು, ಎದ್ದು ಮನೆಗೆ ಹೋದೆ.

ಮಿಕ್ಕವರ ಹತ್ರ ಎಲ್ಲ ಮಾತಾಡ್ತಾನಲ್ಲ ಆ ದೇವರು! ಒಬ್ಬಳಿಗೆ ಮಗಳ ಗಂಡು ಯಾರು ಅಂತ ಹೇಳ್ತಾನೆ, ಇನ್ನೊಬ್ಬಳಿಗೆ ಯಾವ ಬೀದಿಯಲ್ಲಿ ಅಂಗಡಿ ಹಾಕ್ಬೇಕು ಅಂತಾನೂ ಹೇಳ್ತಾನೆ. ನನ್ನ ಹತ್ರ ಮಾತ್ರ ಮಾತು ಬಿಟ್ಟಿದ್ದಾನೆ ಅಂದ್ರೆ, ಏನು ಕೊಳಕು ಕಂಡ ಅವನು ನನ್ನಲ್ಲಿ? ಆ ನಾಚಿಕೆಗೆ ನಾನೂ ಸುಳ್ಳು ಶುರು ಮಾಡಿದೆ. "ನಿನ್ನೆ ಕರ್ತನು ಮನಸ್ಸಿಗೆ ಶಾಂತಿ ಕೊಟ್ಟ" ಅಂದೆ. ಎಲ್ಲರೂ ಆಮೆನ್ ಅಂದ್ರು. ಒಂದು ಸಲ ಅಂದ್ರೆ ಮುಗೀತಲ್ಲ, ಆಮೇಲೆ ನಿಲ್ಲಿಸೋದು ಹೇಗೆ? ದೇವರೇ ಇಲ್ಲ ಅನ್ನೋ ಧೈರ್ಯವೂ ಇಲ್ಲ ನನಗೆ. ಒಂದು ವೇಳೆ ಇದ್ದುಬಿಟ್ರೆ?

ನಿನಗೆ ಬೇಜಾರಾಗ್ತಿಲ್ಲ ತಾನೆ? ನೀರು ಕುಡೀತೀಯಾ? ಇನ್ನೂ ಕುಡಿಯೋ ಹಾಗಿಲ್ವಾ... ಸರಿ, ಹತ್ತಿ ಅದ್ದಿ ತುಟಿ ಒರೆಸ್ತೀನಿ ತಾಳು.

ನೀನು ಬಿಡು, ನಿನ್ನ ಭಕ್ತಿ ಬೇರೆ. ಊಟಕ್ಕೆ ಮುಂಚೆ ನೀನು ಮಾಡೋ ಪ್ರಾರ್ಥನೆ ಕೇಳಿ ಎಷ್ಟು ಸಲ ಹೊಟ್ಟೆಕಿಚ್ಚು ಪಟ್ಟಿದೀನಿ ಗೊತ್ತಾ? ಪಕ್ಕದ ಮನೆಯವರ ಹತ್ರ ಮಾತಾಡಿದ ಹಾಗೆ ಮಾತಾಡ್ತೀಯ ಅವನ ಹತ್ರ. "ಇವತ್ತು ಸೊಂಟ ನೋವು ಕರ್ತನೇ, ಸ್ವಲ್ಪ ನೋಡ್ಕೋ" ಅಂತ. ಅವನು ಅಲ್ಲೇ ಮೇಜಿನ ಆ ಕಡೆ ಕೂತು ಚಿಪ್ಪು ಬಿಡಿಸ್ತಿದ್ದಾನೇನೋ ಅನ್ನೋ ಹಾಗೆ!

ಇನ್ನೂ ಒಂದು ಇದೆ. ಆ ಚೀಟಿ ಪೆಟ್ಟಿಗೆ... ಸಭೆಯ ಬಾಗಿಲ ಹತ್ರ ಇರೋದು. ಜನ ಹೆಸರು ಹಾಕದೆ ತಮ್ಮ ಕಷ್ಟ ಬರೆದು ಹಾಕ್ತಾರೆ, ಬೀಗದ ಕೈ ನನ್ನ ಹತ್ರ. ಮನೆಗೆ ತಗೊಂಡು ಹೋಗಿ ಒಂದೊಂದನ್ನೂ ಕೈಯಲ್ಲಿ ಹಿಡ್ಕೊಂಡು ವಾರವೆಲ್ಲ ಪ್ರಾರ್ಥನೆ ಮಾಡ್ಬೇಕು, ಶನಿವಾರ ಸುಡ್ಬೇಕು. ಅದನ್ನೂ ಮಾಡಲ್ಲ ನಾನು. ತೆಗೆದು ನೋಡೋದೇ ಇಲ್ಲ. ಕೇಳೋನು ಯಾರೂ ಇಲ್ಲದ ಮೇಲೆ ಓದಿ ಏನು ಮಾಡ್ಲಿ? ಹಾಗೇ ಕಟ್ಟು ಕಟ್ಟಿ ಇಡ್ತೀನಿ, ಶನಿವಾರ ಒಲೆಗೆ ಹಾಕ್ತೀನಿ. ಊರವರ ಕಣ್ಣೀರೆಲ್ಲ ನಮ್ಮನೆ ಒಲೇಲಿ... ಇದಕ್ಕಿಂತ ನೀಚತನ ಇದೆಯಾ ಹೇಳು?

ಯಾಕೆ ಮುಖ ಆ ಕಡೆ ಮಾಡಿದೆ?

ನೋವಾ? ನರ್ಸನ್ನ ಕರೀಲಾ? ಬೇಡ್ವಾ.

ಮಲ್‌ಬುನ್... ಈಗ ನಗು ನೋಡೋಣ. ಇಷ್ಟು ಹೊತ್ತು ನಗ್ತಿದ್ದೆಯಲ್ಲ. ಬೈ ಬೇಕಾದ್ರೆ. ಕಪಟಿ ಅನ್ನು. ಭಾನುವಾರ ಆ ಫಲಕ ತಗೊಳ್ಳಲ್ಲ ನಾನು, ಆಯ್ತಾ? ಪಾಸ್ಟರ್ ಹತ್ರ ಹೋಗಿ ಹೇಳ್ತೀನಿ, ನನ್ನ ನಂಬಿಕೆ ಬಿದ್ದುಹೋಗಿದೆ, ಬೀಗದ ಕೈ ತಗೊಳ್ಳಿ ಅಂತ. ಇನ್ನೇನು ಮಾಡ್ಲಿ? ಚೀಟಿ ಓದಿಲ್ಲ, ತಪ್ಪು, ಒಪ್ಕೊಂಡೆ. ಓದಿದ್ರೆ ಸುಮ್ಮನಿರ್ತಿದ್ನಾ ನಾನು? ವಸಂತದಲ್ಲೇ ನಿನ್ನ ಕೈ ಹಿಡಿದು ಇಲ್ಲಿಗೆ ಎಳ್ಕೊಂಡು ಬರ್ತಿರಲಿಲ್ವಾ?

ಏನು?

ಯಾಕೆ ಹಾಗೆ ನೋಡ್ತೀಯ?

...ನೀನು ಚೀಟಿ ಹಾಕಿದ್ದೆ ಅಂತ ಯಾವತ್ತೂ ನನಗೆ ಹೇಳೇ ಇಲ್ಲ. ಅಲ್ವಾ?

ಯಾವ ತಿಂಗಳು ಅಂತಾನೂ ಹೇಳಿಲ್ಲ.

ಅಯ್ಯೋ, ಏನಾದ್ರೂ ಮಾತಾಡೇ!

...

ಓದಿದ್ದೆ. ಹೂಂ. ಪೆಟ್ಟಿಗೆ ತೆಗೆದ ದಿನಾನೇ, ಅಲ್ಲೇ ಬಾಗಿಲ ಹತ್ರ ನಿಂತ್ಕೊಂಡೇ ಓದಿದೆ. ಎಲ್ಲಾ ಚೀಟಿಯನ್ನೂ ಓದ್ತೀನಿ ಕಣೇ, ಒಂದನ್ನೂ ಬಿಡಲ್ಲ. ಓದಲ್ಲ ಅಂದಿದ್ದು ಸುಳ್ಳು. ದೇವರನ್ನ ನಂಬಲ್ಲ ಅಂತ ನಿನ್ನ ಮುಂದೆ ಒಪ್ಕೊಂಡ್ರೆ ಈ ಇನ್ನೊಂದನ್ನ ಹೇಳದೆ ತಪ್ಪಿಸ್ಕೋಬಹುದು ಅಂದ್ಕೊಂಡೆ. ಅದು ದೊಡ್ಡ ನಾಚಿಕೆ, ಅದರ ಹಿಂದೆ ಇದು ಕಾಣಲ್ಲ ಅಂತ...

ಹೆಸರಿಲ್ಲದಿದ್ರೇನು, ನಿನ್ನ ಅಕ್ಷರ ನನಗೆ ಗೊತ್ತಾಗಲ್ವಾ? ನಿನಗೆ ನಲವತ್ತು ದಾಟಿದ ಮೇಲೆ ಆ ಶೆಡ್ಡಿನ ಒದ್ದೆ ಮೇಜಿನ ಮೇಲೆ ಬೆರಳಲ್ಲಿ ತೀಡಿಸಿ ಕಲಿಸಿದವಳೇ ನಾನು. ದೊಡ್ಡ ದೊಡ್ಡದಾಗಿ, ಚೀಟಿ ತುಂಬಾ ಬರೆದಿದ್ದೆ. "ಮುಟ್ಟು ನಿಂತು ಹನ್ನೆರಡು ವರ್ಷ ಆದ ಮೇಲೆ ಮತ್ತೆ ರಕ್ತ ಹೋಗ್ತಾ ಇದೆ. ಹೇಳೋಕೆ ನಾಚಿಕೆ. ಒಬ್ಬಳೇ ಆಸ್ಪತ್ರೆಗೆ ಹೋಗೋಕೆ ಹೆದರಿಕೆ. ಕರ್ತನೇ, ಯಾರನ್ನಾದ್ರೂ ನನ್ನ ಜೊತೆ ಕಳಿಸು." ನೋಡು, ಒಂದು ಮಾತೂ ಮರೆತಿಲ್ಲ. ಪೆಟ್ಟಿಗೆ ಬೀಗದ ಕೈ ನನ್ನ ಹತ್ರ ಇದೆ ಅಂತ ಊರಿಗೆಲ್ಲ ಗೊತ್ತು. ಅದನ್ನ ನೀನು ಕರ್ತನಿಗೆ ಬರೆದಿದ್ದಲ್ಲ. ನನಗೇ ಬರೆದಿದ್ದು.

ಮೂರನೇ ಮಹಡಿ ಜ್ಞಾಪಕ ಬಂತು ಮಲ್‌ಬುನ್. ಆ ಔಷಧಿ ವಾಸನೆ, ಆ ಬೆಂಚು. ಇನ್ನೊಂದು ಸಲ ಅಲ್ಲಿ ಕೂತು ಇನ್ನೊಬ್ಬರ ಹೆಸರು ಕೂಗೋದನ್ನ ಕಾಯೋಕೆ ನನ್ನ ಕೈಯಲ್ಲಾಗಲ್ಲ ಅನ್ನಿಸ್ತು. ಮಗ ಇದ್ದಾನೆ, ಸೊಸೆ ಇದ್ದಾಳೆ, ಯಾರಾದ್ರೂ ಕರ್ಕೊಂಡು ಹೋಗ್ತಾರೆ, ವಯಸ್ಸಾದವರಿಗೆ ಏನೇನೋ ಆಗುತ್ತೆ, ತಾನೇ ನಿಲ್ಲುತ್ತೆ... ಚೀಟಿ ಮಡಚಿದೆ. ಆಮೇಲೆ ಏನು ಮಾಡಿದೆ ಗೊತ್ತಾ? "ಕರ್ತನೇ, ನೋಡ್ಕೋ" ಅಂದೆ! ಹತ್ತೊಂಬತ್ತು ವರ್ಷದಲ್ಲಿ ನಾನು ಮಾಡಿದ ಒಂದೇ ಪ್ರಾರ್ಥನೆ ಅದು. ಅವನಿಲ್ಲ ಅಂತ ಖಾತ್ರಿ ಇದ್ದಿದ್ರೆ ನಾನೇ ಬರ್ತಿದ್ದೆ ಕಣೇ, ಇನ್ಯಾರು ಬರ್ತಾರೆ ಅಂತ. ಇದ್ದಾನೆ ಅಂತ ಖಾತ್ರಿ ಇದ್ದಿದ್ರೂ ಬರ್ತಿದ್ದೆ, ಅವನಿಗೆ ಹೆದರಿ. ಎರಡೂ ಇಲ್ಲದೆ, ನಿನ್ನನ್ನ ಎತ್ತಿ ಅವನ ಮೇಲೆ ಹಾಕಿ ಕೈ ತೊಳ್ಕೊಂಡೆ.

ಮಾರನೇ ದಿನ ಶೆಡ್ಡಿನಲ್ಲಿ ನೀನು ಚಾಕು ಕೆಳಗಿಟ್ಟು ಕೇಳಿದೆಯಲ್ಲ, "ಅಕ್ಕಾ, ಪೆಟ್ಟಿಗೇಲಿರೋ ಚೀಟಿ ಎಲ್ಲಾ ನೀನು ಓದ್ತೀಯಾ?" ಅಂತ. ನಾನು ತಲೆ ಎತ್ತಲಿಲ್ಲ. ಚಿಪ್ಪಿನೊಳಗೆ ಚಾಕು ಹಾಕ್ತಾನೇ ಹೇಳ್ದೆ, "ನಾನು ಓದೋದೇನು, ದೇವರು ಓದ್ಕೋತಾನೆ" ಅಂತ. ನೀನು "ಹಾಗಾದ್ರೆ ಸರಿ ಅಕ್ಕಾ" ಅಂದೆ. ಚಾಕು ತಗೊಂಡು ಕೆಲಸಕ್ಕೆ ಕೂತೆ. ಏಳು ತಿಂಗಳು, ಮಲ್‌ಬುನ್! ಏಳು ತಿಂಗಳು ನನ್ನ ಪಕ್ಕದಲ್ಲೇ ಕೂತು, ನಾನು ಬರ್ತೀನಿ ಅಂತ ಕಾದೆ. ದಿನಾ ಒಂದಿಷ್ಟು ಬಿಳಿಚಿಕೊಳ್ತಾ ಹೋದೆ. ನೋಡ್ತಿದ್ದೆ ನಾನು. ನೋಡ್ತಾನೇ ಇದ್ದೆ.

ಡಾಕ್ಟರು ಹೊಟ್ಟೆ ತೆರೆದು ನೋಡಿ, ಎಲ್ಲಾ ಕಡೆ ಹರಡಿಬಿಟ್ಟಿದೆ ಅಂತ ಏನೂ ಮುಟ್ಟದೆ ತಿರುಗಿ ಹೊಲಿದ್ರಂತೆ. ವಸಂತದಲ್ಲೇ ಬಂದಿದ್ರೆ ಅಂದ್ರಂತೆ. ನಿನ್ನ ಸೊಸೆ ಅಲ್ಲಿ ಹೊರಗೆ, ನನ್ನ ಹೆಗಲ ಮೇಲೆ ತಲೆ ಇಟ್ಟು ಹೇಳ್ಕೊಂಡು ಅತ್ತಳು. "ಯಾರಿಗೂ ಒಂದು ಮಾತು ಹೇಳ್ಲಿಲ್ಲ ನೋಡಿ ನಮ್ಮತ್ತೆ" ಅಂದಳು. ನಾನು ಅವಳ ಬೆನ್ನು ಸವರಿ "ದೇವರ ಚಿತ್ತ ಕಣಮ್ಮ" ಅಂದೆ. ಈ ಬಾಯಲ್ಲೇ ಅಂದೆ.

ಅವಳಿಗೂ ಹೇಳ್ತೀನಿ. ಈಗ ಬರ್ತಾಳಲ್ಲ, ಇಲ್ಲೇ ಹೇಳ್ತೀನಿ. ಭಾನುವಾರ ವೇದಿಕೆ ಮೇಲೆ ನಿಂತು ಎಲ್ಲರ ಮುಂದೆ ಹೇಳು ಅಂದ್ರೂ ಹೇಳ್ತೀನಿ. ನೀನು ಹೂಂ ಅನ್ನು ಸಾಕು. ಊಹೂಂ ಅನ್ನು. ಎದ್ದು ಹೋಗು ಅನ್ನು, ಹೋಗ್ತೀನಿ.

ಕಣ್ಣು ಮುಚ್ಚಬೇಡ. ನಿದ್ದೆ ಬಂದಿಲ್ಲ ನಿನಗೆ, ರೆಪ್ಪೆ ಅದುರ್ತಾ ಇದೆ, ನನಗೆ ಕಾಣಲ್ವಾ?

ಮಲ್‌ಬುನ್. ಒಂದು ಸಲ ಅಕ್ಕಾ ಅನ್ನು. ಅವನ ಹಾಗೆ ಸುಮ್ಮನಿರಬೇಡ ಕಣೇ... ನೀನೂ ಸುಮ್ಮನಿರಬೇಡ.