ಮನ್ಯಾಗ ಕುಡಿಯೋರು ಯಾರೂ ಇಲ್ಲ

ಮಾಡ್ತೀನ್ರಿ, ಸಹಿ ಮಾಡ್ತೀನಿ... ಯಾಕ ಹಂಗ ಪೆನ್ನ ನೋಡಾಕತ್ತೀರಿ? ಈ ಸುಗಲಮ್ಮಗ ಸಹಿ ಬರಂಗಿಲ್ಲ ಅನಕೊಂಡ್ರೇನು? ನಾಕನೇತ್ತ ಓದೀನಿ. ಕಾಗದ ತೆಲುಗಿನ್ಯಾಗ ಐತಿ, ಅದಕ್ಕ ತಡಾ. ಡಾಕ್ಟರ್ ವಾಸಂತಿ ಮೇಡಮ್ ನಮ್ಮ ಕಡೆಯವರು, ಓದಿ ಹೇಳ್ಯಾರ. "ನನ್ನ ಗಂಡ ಗೊಲ್ಲಾಳಪ್ಪನ್ನ ದವಾಖಾನಿಯಿಂದ ಮನಿಗೆ ಕರಕೊಂಡು ಹೊಂಟೀನಿ. ಮನ್ಯಾಗ ಸೇಂದಿ ಕುಡಿಯೋರು ಯಾರೂ ಇಲ್ಲ." ಇಷ್ಟ.

ಮಾತಾಡಬ್ಯಾಡ್ರಿ! ಫಿಟ್ಸ್ ಬಂದಾಗ ನಾಲಿಗಿ ಕಚಗೊಂಡೀರಿ, ಮೂರು ಹೊಲಿಗಿ ಬಿದ್ದಾವ. ಹದಿನಾಲ್ಕು ವರ್ಷದ ಸಂಸಾರದಾಗ ನಾ ಒಬ್ಬಾಕೀನ ಮಾತಾಡೋ ಯೋಗ ಇವತ್ತ ಬಂದೈತಿ... ಯಾಕ ನಗ್ತೀರಿ? ನಗಬ್ಯಾಡ್ರಿ, ಹೊಲಿಗಿ ಬಿಚ್ಚತಾವ.

ಮೇಡಮ್ ಹೇಳಿದ್ದು ಕೇಳಿದ್ರಿಲ್ಲ? ನಾವು ಕೆಲಸ ಮಾಡೋ ತಾರ್ನಾಕ ಬಿಲ್ಡಿಂಗ್ ಸೈಟಿನ ಹಿಂದ ಮಾರತಿದ್ರಲ್ಲ, ಅದು ಗಿಡದ ಸೇಂದಿನ ಅಲ್ಲಂತ. ನೀರು, ಸಕ್ರಿ, ನಿದ್ದಿ ಗುಳಿಗಿ ಪುಡಿ. ಮೆದುಳಿಗೆ ಅದರದ ಒಂದು ಬ್ರೇಕ್ ಇರತೈತಂತ. ದಿನಾ ಪುಡಿ ಬಂದು ಬ್ರೇಕ್ ಒತ್ತಿದ್ರ ಮೆದುಳು ತನ್ನ ಕೆಲಸ ಬಿಟ್ಟು ಆರಾಮ್ ಕುಂದರತೈತಿ. ನಮ್ಮ ಸೂಪರ್‌ವೈಜರ್ ಇದ್ದಂಗ! ಹೋದ ವಾರ ಅಂಗಡಿ ಬಂದ್ ಆತು, ಪುಡಿ ಬಂದ್ ಆತು, ಬ್ರೇಕ್ ಹಾಕೋರು ಯಾರೂ ಇಲ್ಲ. ಮೊದಲ ಕೈ ನಡಗತಾವ. ಬೆವರತೈತಿ. ಆಮ್ಯಾಲ ನಿಮ್ಮಂಗ ಫಿಟ್ಸ್.

ಮತ್ತ ನಿಮ್ಮಂಗ ಎರಡು ತಿಂಗಳು ಬಿಟ್ಟಿದ್ರೂ ಮೆದುಳು ಮರೆಯಂಗಿಲ್ಲಂತ. ಬಾಟ್ಲಿ ಸಪ್ಪಳ, ಹುಳಿ ವಾಸನಿ, ಜೋಡಿ ಕುಂತು ಕುಡದವರ ಮಾರಿ... ಸಾಕಂತ. ಬಾಯಾಗ ಹನಿ ಬೀಳೋ ಮೊದಲ ತೆಲಿಯಾಗ ಖುಷಿ ರಸ ಸುರೀತೈತಿ. "ಸಹವಾಸ ಬದಲು ಮಾಡ್ರಿ, ಇನ್ನೊಮ್ಮಿ ಹಿಂಗಾದ್ರ ಜೀವ ಉಳಿಯಂಗಿಲ್ಲ" ಅಂದ್ರು.

ಸಹವಾಸ ಅಂದ್ರ ನಿಮ್ಮ ಜೋಡಿ ಕುಂತು ಕುಡಿಯೋ ಆ ಮೌನಪ್ಪ. ಮೇಡಮ್ಮಗೂ ಹೇಳೀನಿ. ಬಿಟ್ಟಿದ್ದ ನಿಮಗ ಹೊಳ್ಳಿ ಬಾಟ್ಲಿ ಹಚ್ಚಿದಾಂವ ಅವನ, ಹದಿನೈದು ದಿನದ ಹಿಂದ... ಏನ್ರಿ ಕೈ ಆಡಸ್ತೀರಿ? ಊರಾಗ ಅದಾನಾ? ...ಹೌದು. ಮಗಳ ಮದವಿ. ಹೋಗಿ ತಿಂಗಳಾತು. ಹಂಗಾದ್ರ ಭೀಮಾಶಂಕರ! ಭೀಮಾಶಂಕರನ ಇರಬೇಕು... ಇಲ್ಲಾ? ಹೂಂ. ಅಂವ ಕಾಲು ಮುರಕೊಂಡು ಕೋಠಿ ದವಾಖಾನ್ಯಾಗ ಮಲಗ್ಯಾನ. ಮರತಿದ್ದೆ.

ನನ್ನ ಮಾರಿ ಯಾಕ ನೋಡ್ತೀರಿ? ನಾ ಸಹವಾಸ ಅಲ್ಲ. ನಾ ಹೆಂಡ್ತಿ.

ಕೈಯಾ? ಏನಿಲ್ಲ. ಥಂಡಿ. ಮ್ಯಾಲ ಫ್ಯಾನ್... ಹೂಂ, ತಿರಗಾಕತ್ತಿಲ್ಲ. ಬೆವರಾ? ಅದು ಸೆಕಿಗೆ. ಥಂಡಿನೂ ಐತಿ, ಸೆಕಿನೂ ಐತಿ, ಹೈದರಾಬಾದ್ ಹವಾನ ಹಂಗ. ನಾಕು ದಿನ ಆತು ಇಲ್ಲೇ ಕುಂತು, ಕಣ್ಣಿಗೆ ನಿದ್ದಿಲ್ಲ...

ಹಂಗ ನೋಡಬ್ಯಾಡ್ರಿ ಅಂದೆ!

...ನೀವು ಬಿಟ್ರಿ. ನಾನೂ ಬಿಟ್ಟೀನಿ ಅಂದೆ. ಬಿಟ್ಟಿರಲಿಲ್ಲ. ಕೆಲಸ ಮುಗಿಸಿ ಬರೋವಾಗ ದಿನಾ ಅರ್ಧ ಬಾಟ್ಲಿ, ವಾಸನಿ ಬರಬಾರದಂತ ಮ್ಯಾಲ ಎಲಿ ಅಡಿಕಿ. ಹದಿನೈದು ದಿನದ ಹಿಂದ, ಅವತ್ತ, ನಾವಿರೋ ಶೆಡ್ಡಿಗೇ ತಂದೆ. ನೀವು ಗ್ವಾಡಿ ನೋಡಿಕೋತ ಸುಮ್ಮ ಕುಂತಿದ್ರಿ. ಬಿಟ್ಟಾಗಿಂದ ನೀವು ನಗೋದನ್ನೂ ಬಿಟ್ಟಿದ್ರಿ. ಮೊದಲ ಇಬ್ಬರೂ ಕುಡದು ಎಷ್ಟು ನಗತಿದ್ದಿವಿ! ಒಬ್ಬಾಕೀನ ಕುಡ್ಯಾಕ ನನಗ ಭಾಳ ಬ್ಯಾಸರಾಗಿತ್ರಿ. ಒಂದ ಗಲಾಸು ಅಂದೆ. ಬ್ಯಾಡ ಅಂದ್ರಿ. ಮತ್ತ ಅಂದೆ. ಮತ್ತ ಬ್ಯಾಡ ಅಂದ್ರಿ. ಆಮ್ಯಾಲ ನಾ ಅತ್ತೆ... ಆಗ ಕುಡದ್ರಿ. ಅವತ್ತಿಂದ ಅಂಗಡಿ ಬಂದ್ ಆಗೋತನಕ ದಿನಾ ಕುಡದ್ರಿ.

ಯಾರು ಕೊಟ್ರು ಅಂತ ಮೇಡಮ್ ಮೂರು ಸಲ ಕೇಳಿದ್ರು. ನಾಲಿಗಿ ಇರಲಿಲ್ಲ, ಕೈ ಇತ್ತಲ್ಲ. ನನ್ನ ಕಡೆ ಒಂದು ಬಟ್ಟ ಮಾಡಿ ತೋರಸಬೇಕಾಗಿತ್ತು. ಯಾಕ ಮಾಡಲಿಲ್ರಿ?

ಯಾಕ ಸರಿಯಾಕತ್ತೀರಿ? ಮಂಚದಾಗ ನನಗ್ಯಾಕ ಜಾಗಾ? ನಾ ಪೇಷಂಟ್ ಅಲ್ಲ... ಕೈ ಹಿಡೀಬ್ಯಾಡ್ರಿ, ನಡಗತೈತಿ. ನನಗ ಹೆದರಿಕಿ ಆಗಾಕತ್ತೈತ್ರಿ.

ಮೇಡಮ್! ವಾಸಂತಿ ಮೇಡಮ್! ಸ್ವಲ್ಪ ಇಲ್ಲಿ ಬರ್ರಿ... ಹೆಂಗಸರ ವಾರ್ಡಿನ್ಯಾಗ ಒಂದು ಮಂಚ ಖಾಲಿ ಐತೇನ್ರಿ?