ಒಳಗಿನ ದೀಪಕ್ಕ ಎಣ್ಣಿ ಬೇಕಾಗಿಲ್ಲ

...ಅಲ್ಲ ಗಿರಿಜಾ, ಬಂದಾಕೀನ ಸೀದಾ ದೇವರ ಮುಂದ ಯಾಕ ಹೊಂಟಿ? ನಾಚಾರಂದಾಗ ನಿನ್ನ ತಮ್ಮನ ಮನಿಗೆ ಹೋಗಿ ಅವಗ ಆರತಿ ಮಾಡಿ, ಆಟೋದಾಗ ಕುಲುಕ್ಯಾಡಿ ಬಂದೀದಿ. ಕುಂದರು. ನೀರ ಕುಡಿ. ನಿನಗೊಂದ ಮಾತ ಹೇಳಬೇಕು... ಹಬ್ಬದ ಅರ್ಥದ ಬಗ್ಗೆ.

ಯಾಕ ಹಂಗ ನೋಡ್ತಿ? ರೈಲ್ವೆದಾಗ ಜನ್ಮಾ ಕಳದವಂಗ ಅಧ್ಯಾತ್ಮ ಬರಬಾರದೇನು?

ನಿನ್ನಿ ಲಕ್ಷ್ಮೀ ಪೂಜಿಗೆ ದೀಪಾ ಹಚ್ಚಿ ನೀ ಏನಂದಿ? "ಪಾಡ್ಯದ ಸಂಜಿಮಟ ಇದು ಆರಬಾರದು, ನಾಡಿದ್ದ ನಿಮ್ಮ ಕಣ್ಣಿನ ಆಪರೇಷನ್ ಐತಿ" ಅಂದಿ. ನಾ ನಕ್ಕೆ. ಆದ್ರೂ ಇವತ್ತ ಕಾವಲ ಕುಂತೆ, ಇಲ್ಲ ಅನಬ್ಯಾಡ. ಕುಂತು ವಿಚಾರ ಮಾಡಿದೆ. ದೀಪ ಅಂದ್ರೇನು? ಹಿತ್ತಾಳಿ ಅಲ್ಲ. ಎಣ್ಣಿ ಅಲ್ಲ. ಬತ್ತಿ... ಬತ್ತಿ ಅಂತೂ ಅಲ್ಲವೇ ಅಲ್ಲ. ದೀಪ ಅಂದ್ರ ಜ್ಞಾನ. ಒಳಗ ಉರಿಯೂದು. ಅದಕ್ಕ ಎಣ್ಣಿ ಬೇಕಾಗಿಲ್ಲ, ಫ್ಯಾನ್ ಹಾಕಿದ್ರೂ ಆರೂದಿಲ್ಲ.

ಫ್ಯಾನ್ ಯಾಕ ನೋಡ್ತಿ? ಬಂದ್ ಐತಲ್ಲ. ಮಾತಿಗೆ ಅಂದೆ.

ನಗಾಕತ್ತೀಯೇನು? ನಗು. ದೊಡ್ಡ ಮಾತಿಗೆ ಮಂದಿ ಮೊದಲ ನಗತಾರ.

ಈಗ ಮೂಗ ಯಾಕ ಏರಸ್ತಿ? ಹಾಂ, ಮೆಣಸಿನಕಾಯಿ ಭಜಿ. ಮ್ಯಾಲಿನ ಮನಿಯವರು ಕರ್ಯಾಕತ್ತಿರಬೇಕು... ಅವರು ಊರಿಗೆ ಹೋಗ್ಯಾರ, ಹೌದು, ಮರತಿದ್ದೆ. ಆತ ಬಿಡು, ದೀಪದ್ದ ವಾಸನಿ. ಎಳ್ಳೆಣ್ಣಿ ಬಾಟ್ಲಿ ಎಲ್ಲಿ ಇಟ್ಟೀದಿ ಅಂತ ದೇವರಿಗೇ ಗೊತ್ತು. ಕಡಾಯ್ದಾಗ ನಿನ್ನಿ ಭಜಿ ಕರದ ಎಣ್ಣಿ ಇತ್ತು, ಸ್ವಲ್ಪ ಹಾಕಿದೆ. ಲಕ್ಷ್ಮಿಗೆ ಭಜಿ ಸೇರೂದಿಲ್ಲಂತ ಯಾರ ಹೇಳ್ಯಾರ?

ಬಗ್ಗಿ ಬತ್ತಿ ನೋಡಬ್ಯಾಡ. ನೋಡಬ್ಯಾಡ ಅಂದ್ನೆಲ್ಲ! ಕಿವಿ ತೊಳಿಯೋ ಕಡ್ಡಿ ಇರತಾವಲ್ಲ, ಅದರ ಹತ್ತಿ ಅದು. ಹೊಸಾದು, ದೇವರಾಣಿ, ಬಳಸಿದ್ದಲ್ಲ.

ಹೂಂ. ಆರಿತ್ತು. ಭಾಳ ಸೆಕಿ ಆತಂತ ಫ್ಯಾನ್ ಹಾಕಿದೆ, ಜೊಂಪ ಹತ್ತಿತು. ಎದ್ದು ನೋಡಿದ್ರ ಬರೇ ಹೊಗಿ, ಬತ್ತಿ ಕರಕಾಗಿತ್ತು, ಎಣ್ಣಿನೂ ತಳ ಕಂಡಿತ್ತು. ಮತ್ತ ಹಚ್ಚೀನಲ್ಲ, ಮುಗೀತು. ಗಾಳಿ ಬಂದ್ರ ದೀಪ ಆರತೈತಿ, ಅದಕ್ಕೂ ನನ್ನ ಕಣ್ಣಿಗೂ ಏನ ಸಂಬಂಧ? ನಾ ಇಂಥಾದ್ದೆಲ್ಲಾ ನಂಬಾಂವಲ್ಲ, ನಿನಗ ಗೊತ್ತೈತಿ. ನಮ್ಮ ಇಡೀ ಮಲ್ಕಾಜ್‌ಗಿರಿಗೆ ಗೊತ್ತೈತಿ. ಬಂಡೆಪ್ಪಾರ ಧೈರ್ಯ ಅಂದ್ರ ಧೈರ್ಯ ಅಂತಾರ.

ಬೈಯಿ ಬೇಕಾದ್ರ.

ಏನು, ಹತ್ರ ಯಾಕ ಬರಾಕತ್ತಿ? ನನ್ನ ಹಣಿ ಮ್ಯಾಲ ಏನೈತಿ? ಒರಸಬ್ಯಾಡ, ಇರಲಿ... ಏನದು ನಿನ್ನ ಬೆರಳಿಗೆ ಹತ್ತಿದ್ದು?

ರಂಗೋಲಿ.

ಹಂಗ ನೋಡಬ್ಯಾಡ, ಗಿರಿಜಾ. ಹೌದು, ಬಿದ್ದೆ. ದೀಪದ ಮುಂದ ಉದ್ದಕ ಅಡ್ಡ ಬಿದ್ದೆ, ಹಣಿ ನೆಲಕ್ಕ ಹಚ್ಚಿ. "ತಪ್ಪಾತು ತಾಯಿ, ನನ್ನ ನಿದ್ದಿ ಸಲುವಾಗಿ ಗಿರಿಜಾನ ಪೂಜಿ ಕೆಡಸಬ್ಯಾಡ" ಅಂದೆ. ಕಾಲನಿ ಮಂದಿಗೆಲ್ಲಾ ಆಪರೇಷನ್ ಅಂದ್ರ ಹತ್ತು ನಿಮಿಷದ ಕೆಲಸ ಅಂತ ಹೇಳ್ಕೋತ ತಿರಗೀನಿ, ಆದ್ರ ಹೆದರಿಕಿ ಆಗೈತಿ. ಎಡಗಣ್ಣ ಹೋಗಿ ಎಷ್ಟೋ ವರ್ಷಾತು. ಉಳದದ್ದು ಇದೊಂದ. ಇದೂ ಹೋತಂದ್ರ ನಿನ್ನ ಮಾರಿ ನಾ ಹೆಂಗ ನೋಡ್ಲಿ?