ಪೂಜೆಗಿಟ್ಟ ನಿಘಂಟು

ಅಥಣಿಯ ಪುಸ್ತಕದಂಗಡಿಯಲ್ಲಿ ಪಾಳಿಗೆ ನಿಂತಿದ್ದ ಶೇವಂತಾಗೆ ಮುಂದಿನವರ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮುದುಕ ಮಾವ, ಬೋಳು ಹಣೆಯ ಸೊಸೆ. ತಹಶೀಲ್ದಾರ ಕಚೇರಿಯೆದುರು ಅರ್ಜಿ ಬರೆಯುತ್ತಿದ್ದ ಗಂಡನ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆಂದು ಮಾತಿನಲ್ಲೇ ತಿಳಿಯಿತು.

“ಮನ್ಯಾಗ ನನ್ನ ಮಗ ಈಶ್ವರನ ನಿಘಂಟ ಐತಿ. ಹೊಸಾದು ಯಾಕ?”

“ಅದ್ರಾಗ ವಿಧವೆ ಅಂದ್ರ ಅಮಂಗಳೆ ಅಂತ ಐತ್ರಿ, ಮಾವಾರ. ಇದ್ರಾಗ ಗಂಡ ತೀರಿದವಳು ಅಂತ ಅಷ್ಟ ಐತಿ.”

“ಒಂದ ಶಬ್ದಕ್ಕ ಇಷ್ಟ ಸೊಕ್ಕೇನು?”

“ಪಿಂಚಣಿ ಅರ್ಜಿ ಬರಸಾಕ ಬರೂ ಹೆಣಮಕ್ಕಳೆಲ್ಲಾ ಅಂಥವರ. ಅವರ ಮುಂದ ಅದನ್ನ ತಗೀಲೇನ್ರಿ?”

“ಖಂಡೇನವಮಿಗಿ ಪೂಜಿ ಮಾಡೂ ಪುಸ್ತಕ ಅದು. ಅಂವನ ಕುರ್ಚಿ ಬೇಕು, ಪುಸ್ತಕ ಬ್ಯಾಡಾ?”

“ಈ ಸಲ ಪೂಜಿ ದಿನ ನನಗ ಅದನ್ನ ಮುಟ್ಟಬ್ಯಾಡ ಅಂದವರು ಯಾರ್ರಿ?”

ಮುದುಕ ಅಂಗಡಿಯವನ ಕಡೆ ನೋಡಿದ. ಅಂಗಡಿಯವ ನೆಲ ನೋಡಿದ.

“ಸಂಜೀಕ ಮನೀಗಿ ಬಾ, ಹೇಳ್ತೀನಿ.”

“ಬರ್ತೀನ್ರಿ. ನಿಮ್ಮ ಪುಸ್ತಕ ದೇವರ ಜಗಲಿ ಮ್ಯಾಲ ಇರಲಿ. ನಾ ಮುಟ್ಟೂದಿಲ್ಲ.”

ಹೊಸ ನಿಘಂಟನ್ನು ಬಗಲಲ್ಲಿಟ್ಟುಕೊಂಡು ಅವಳು ಕಚೇರಿಯತ್ತ ರಸ್ತೆ ದಾಟಿದಳು.